ಸೋಮವಾರದ ಒಂದೂವರೆ ಗಂಟೆ

ಮಾವ ಯಾವ ಊರಿಗೆ ಹೊರಟರೂ ಅದರ ಯೋಜನೆ ಹಾಕುವುದು ಹಳೆಯ ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ. ಆ ಕಾಗದ ದಪ್ಪ, ಪೆನ್ಸಿಲ್ ಚೆನ್ನಾಗಿ ಕೂರುತ್ತದೆ, ಮಡಚಿ ಜೇಬಿನಲ್ಲಿಟ್ಟರೂ ಹರಿಯುವುದಿಲ್ಲ ಎಂಬುದು ಅವರ ವಾದ. ಈ ಮಾರ್ಚಿನ ಒಂದು ಭಾನುವಾರ ನಾನು ಜಯನಗರದ ಅವರ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ನಾಲ್ಕು ಕರೆಯೋಲೆಗಳು ಬೋರಲು ಬಿದ್ದಿದ್ದವು. ಒಂದರಲ್ಲಿ ರೈಲು, ಒಂದರಲ್ಲಿ ಔಷಧಿ, ಒಂದರಲ್ಲಿ ಬಟ್ಟೆಬರೆ. ನಾಲ್ಕನೆಯದರಲ್ಲಿ ಒಂದು ನಕಾಶೆ. ಅದರ ನಡುವೆ ಅಡ್ಡಲಾಗಿ ಹರಿದಿದ್ದ ಸೊಟ್ಟ ಗೆರೆ ಯಾವುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದರಿಂದ ದೂರದ ಕುರ್ಚಿ ಎಳೆದುಕೊಂಡು ಕುಳಿತೆ.

ಮಾವ ನನ್ನ ಅಮ್ಮನ ತಮ್ಮ. ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಹೋದ ಬೇಸಿಗೆಯಲ್ಲಿ ಅವರು, ಅತ್ತೆ ಮತ್ತು ನಾನು ಹಿಮಾಚಲದ ಬೆಟ್ಟಗಳ ನಡುವಿನ ಒಂದು ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಕೊನೆಯ ಕ್ಯಾಂಪಿನಿಂದ ಮೇಲಕ್ಕೆ ಹೋದರೆ ಒಂದು ಹಿಮದ ಹಳ್ಳ, ಹಳ್ಳ ದಾಟಿ ಮೂರು ನಾಲ್ಕು ಗಂಟೆ ಹತ್ತಿದರೆ ಒಂದು ಹುಲ್ಲುಗಾವಲು. ಜೂನಿನಲ್ಲಿ ಅಲ್ಲಿ ಹಿಮ ಕರಗುವ ಅಂಚಿನಲ್ಲೇ, ಹಿಮವನ್ನು ತೂತು ಮಾಡಿಕೊಂಡು, ನೀಲಿ ಹೂಗಳು ಮೇಲೆ ಬರುತ್ತವೆ ಎಂದು ಗೈಡ್ ಹೇಳಿದ್ದ. ಮನೆಯ ಟೆರೇಸಿನಲ್ಲಿ ಅರವತ್ತು ಕುಂಡ ಇಟ್ಟುಕೊಂಡಿರುವ ಅತ್ತೆ ಆ ಮಾತು ಕೇಳಿ ಎರಡು ದಿನ ಬೇರೆ ಏನನ್ನೂ ಮಾತಾಡಿರಲಿಲ್ಲ. ಆದರೆ ನಾವು ಹುಲ್ಲುಗಾವಲು ಮುಟ್ಟಲಿಲ್ಲ. ಹೊತ್ತಾಗಿತ್ತೆಂದು ಅರ್ಧಕ್ಕೇ ಹಿಂದಿರುಗಿದೆವು. ಹಿಂದಿರುಗುವಾಗ ಆ ಹಳ್ಳದಲ್ಲಿ ಅತ್ತೆ ಕೊಚ್ಚಿಹೋಗುವುದರಲ್ಲಿದ್ದರು.

“ಅದೇ ಪಾರ್ಕು, ಅದೇ ಗೈಡು, ಜೂನ್ ಎರಡನೇ ವಾರ,” ಎಂದರು ಮಾವ, ಪೆನ್ಸಿಲನ್ನು ನಕಾಶೆಯ ಮೇಲೆ ಓಡಿಸುತ್ತ. “ಈ ಸಲ ಹುಲ್ಲುಗಾವಲು ನೋಡ್ದೆ ಬರೋದಿಲ್ಲ. ನಾನು ನೀನು ಮೇಲಕ್ಕೆ ಹೋಗೋದು. ನಿಮ್ಮತ್ತೆ ಕ್ಯಾಂಪಲ್ಲಿ ಆರಾಮಾಗಿ ಕೂತಿರ್ತಾಳೆ.”

“ಅತ್ತೆ ಬರಲ್ವಾ?”

“ಬೇಡಮ್ಮ. ಇವಳ ನಡಿಗೆ ಸ್ಲೋ. ಹೋದ್ಸಲ ಇವಳ ಪುಳಿಯೋಗರೆ ಹಿಮಾಲಯಾನೇ ಅಲ್ಲಾಡಿಸಿಬಿಡ್ತು. ನಿನ್ನ ಹೊಟ್ಟೆ ಕೆಡ್ತು, ಲೇಟಾಯ್ತು, ಹಳ್ಳ ತುಂಬ್ತು. ಸಾಕು ಒಂದ್ಸಲ.”

ಅಡುಗೆಮನೆಯಿಂದ ಕಾಫಿ ತರುತ್ತಿದ್ದ ಅತ್ತೆ ನಕ್ಕರು. “ಹೌದು ಬಿಡಿ, ನನ್ನ ಗೊಜ್ಜಿಗೆ ಅಷ್ಟು ಶಕ್ತಿ ಇದ್ರೆ ಇಲ್ಲಿ ಟ್ರಾಫಿಕ್ ಆದ್ರೂ ಸರಿ ಮಾಡ್ತಿದ್ದೆ.” ಲೋಟ ಇಟ್ಟು ಒಳಗೆ ಹೋದರು. ಅವರು ಹಿಂದಿರುಗುವಾಗ ನಕಾಶೆಯತ್ತ ಒಮ್ಮೆ ನೋಡಿದ್ದನ್ನು ನಾನು ಗಮನಿಸಿದೆ. ಹಳ್ಳದ ಗೆರೆಯನ್ನಲ್ಲ, ಅದರಾಚೆ ಹುಲ್ಲುಗಾವಲೆಂದು ಮಾವ ಬರೆದಿದ್ದ ಸಣ್ಣ ವೃತ್ತವನ್ನು.

ಇದೇ ತಮಾಷೆಯನ್ನು ಮಾವ ಒಂಬತ್ತು ತಿಂಗಳಿಂದ ಮದುವೆ, ಮುಂಜಿ, ಗೃಹಪ್ರವೇಶ ಎಲ್ಲ ಕಡೆ ಹೇಳಿದ್ದಾರೆ. ಕೇಳಿದವರೆಲ್ಲ ನಕ್ಕಿದ್ದಾರೆ, ಅತ್ತೆಯೂ ಸೇರಿ. ಆದರೆ ಆ ಪ್ರವಾಸದಿಂದ ಬಂದ ಮೇಲೆ ಅತ್ತೆ ಪುಳಿಯೋಗರೆ ಗೊಜ್ಜು ಮಾಡಿಲ್ಲ. ಮೊದಲು ಪ್ರತಿ ತಿಂಗಳೂ ನಮ್ಮ ಮನೆಗೆ ಒಂದು ಬಾಟಲಿ ಬರುತ್ತಿತ್ತು. ಯಾಕೆ ನಿಲ್ಲಿಸಿದಿರಿ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ, ಯಾಕೆಂದರೆ ಅವತ್ತು ನನ್ನ ಹೊಟ್ಟೆ ಕೆಟ್ಟಿರಲೇ ಇಲ್ಲ.

ಅವತ್ತು ನಡೆದದ್ದು ಹೀಗೆ. ಸೋಮವಾರ. ಏಳು ಗಂಟೆಗೆ ಹೊರಡಬೇಕೆಂದು ಗೈಡ್ ಹೇಳಿದ್ದ. ಅತ್ತೆ ಆರಕ್ಕೇ ಎದ್ದು ಕ್ಯಾಂಪಿನ ಅಡುಗೆಯವನಿಂದ ಅನ್ನ ಮಾಡಿಸಿ, ಬೆಂಗಳೂರಿನಿಂದ ತಂದ ಗೊಜ್ಜು ಕಲಸಿ, ಸ್ಟೀಲ್ ಡಬ್ಬಿಗೆ ತುಂಬಿ ಸಿದ್ಧವಾಗಿದ್ದರು. ತಡ ಮಾಡಿದ್ದು ಮಾವ. ಅವರು ಶೇವ್ ಮಾಡಿಕೊಳ್ಳದೆ ಹೊರಗೆ ಕಾಲಿಡುವವರಲ್ಲ, ಅದು ಹನ್ನೊಂದು ಸಾವಿರ ಅಡಿ ಎತ್ತರವಾದರೂ ಸರಿ. ಕನ್ನಡಿ ಸಿಗದೆ, ಬಿಸಿನೀರು ಸಿಗದೆ, ಎಲ್ಲ ಮುಗಿಸಿ ಅವರು ಟೋಪಿ ಹಾಕಿಕೊಂಡಾಗ ನಾನು ಗಡಿಯಾರ ನೋಡಿದೆ. ಏಳು ಮೂವತ್ತೆರಡು.

ಬೆಂಗಳೂರು ಬಿಡುವ ಮುಂಚೆ ಅಮ್ಮ ಇಟ್ಟಮಡುವಿನ ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿದ್ದಳು. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. “ನೀರು ದಾಟೋ ದಿನ ಮಾತ್ರ ರಾಹುಕಾಲದಲ್ಲಿ ಹೊರಡ್ಬೇಡ ಕಣೇ. ಮಿಕ್ಕಿದ್ದೆಲ್ಲ ನಿನ್ನಿಷ್ಟ. ನನ್ನ ತಮ್ಮಂಗೆ ಹೇಳ್ಬೇಡ, ಆಡ್ಕೋತಾನೆ,” ಎಂದಿದ್ದಳು. ನಾನು ಹೂಂ ಅಂದಿದ್ದೆ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ರಾಹುಕಾಲವನ್ನು ನಂಬುತ್ತೇನೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಆದರೆ ಏಳು ಮೂವತ್ತೆರಡಕ್ಕೆ, ಆ ಚಳಿಯಲ್ಲಿ, ಮುಂದೆ ಒಂದು ಹಳ್ಳವಿದೆ ಎಂದು ಗೊತ್ತಿರುವಾಗ, ಕಾಲು ಮುಂದಕ್ಕೆ ಬರಲಿಲ್ಲ. ನಂಬದೆಯೂ ಹೆದರಬಹುದು ಎಂದು ಅವತ್ತೇ ನನಗೆ ಗೊತ್ತಾದದ್ದು. ಮಾವನ ಎದುರು ಕಾರಣ ಹೇಳಲು ನಾಚಿಕೆಯಾಯಿತು. ಹೊಟ್ಟೆ ಹಿಡಿದುಕೊಂಡೆ.

“ಯಾಕೋ ಸರಿ ಇಲ್ಲ ಮಾವ, ಸ್ವಲ್ಪ ಹೊತ್ತು...”

ಟೆಂಟಿನೊಳಗೆ ಹೋಗಿ ಮಲಗಿದೆ. ಅತ್ತೆ ಜೀರಿಗೆ ಕುದಿಸಿಕೊಂಡು ಬಂದರು. ನನ್ನ ತಲೆ ಎತ್ತಿ ಕುಡಿಸಿದರು. “ನಿನ್ನೆ ರಾತ್ರಿ ಗೊಜ್ಜು ಜಾಸ್ತಿ ತಿಂದ್ಯೇನೋ. ಖಾರ ಜಾಸ್ತಿ ಆಗಿರ್ಬೇಕು. ನನ್ನದೇ ತಪ್ಪು,” ಎಂದರು. ಆಗಲೇ ಬಾಯಿ ಬಿಡಬೇಕಿತ್ತು. ನಾನು ಗೋಡೆಯ ಕಡೆ, ಅಂದರೆ ಟೆಂಟಿನ ಬಟ್ಟೆಯ ಕಡೆ, ತಿರುಗಿ ಮಲಗಿ ಗಡಿಯಾರ ನೋಡುತ್ತಿದ್ದೆ. ಒಂಬತ್ತು ದಾಟಿದ ಮೇಲೆ ಎದ್ದು, ಈಗ ಪರವಾಗಿಲ್ಲ ಎಂದೆ.

ಹತ್ತೂವರೆಗೆ ಹಳ್ಳ ಸಿಕ್ಕಿತು. ಪಾದ ಮುಳುಗುವಷ್ಟು ನೀರು, ಹೆಚ್ಚೆಂದರೆ ಮೀನಖಂಡದವರೆಗೆ. ತಮಾಷೆ ಮಾಡುತ್ತ ದಾಟಿದೆವು. ಮಧ್ಯಾಹ್ನ ಒಂದೂವರೆಗೆ, ಇನ್ನೂ ಏರು ಮುಗಿಯದಿರುವಾಗ, ಗೈಡ್ ನಿಂತುಬಿಟ್ಟ. ಇನ್ನು ಮುಂದೆ ಹೋದರೆ ಹಿಂದಿರುಗಲು ಆಗದು ಎಂದ. ಅಲ್ಲೇ ಕುಳಿತು ಪುಳಿಯೋಗರೆ ತಿಂದು ಇಳಿದೆವು. ಹಳ್ಳದ ಹತ್ತಿರ ಬಂದಾಗ ನಾಲ್ಕು ದಾಟಿತ್ತು. ನೋಡುವ ಮೊದಲೇ ಸದ್ದು ಕೇಳಿಸಿತು. ಮಳೆ ಒಂದು ಹನಿಯೂ ಬಿದ್ದಿರಲಿಲ್ಲ, ಆಕಾಶ ಬೆಳಗಿನಷ್ಟೇ ನೀಲಿ. ಆದರೂ ಬೆಳಿಗ್ಗೆ ನಾವು ಕಾಲಿಟ್ಟು ಬಂದಿದ್ದ ಕಲ್ಲುಗಳು ಕಾಣಿಸುತ್ತಿರಲಿಲ್ಲ. ಬೂದಿ ಬಣ್ಣದ ನೀರು ತೊಡೆಯ ಮಟ್ಟಕ್ಕೆ ಬಂದಿತ್ತು. ತಳದಲ್ಲಿ ಬಂಡೆಗಳು ಒಂದಕ್ಕೊಂದು ತಾಕಿ ಉರುಳುವ ಗುಡುಗುಡು ಸದ್ದು ಅಂಗಾಲಿಗೆ ತಿಳಿಯುತ್ತಿತ್ತು.

ಗೈಡ್ ನನ್ನನ್ನು ಮೊದಲು ದಾಟಿಸಿದ. ಆಮೇಲೆ ಅತ್ತೆಯ ಕೈ ಹಿಡಿದು ಹೊರಟ. ಮಾವ ಆಚೆ ದಡದಲ್ಲಿ, ನಾನು ಈಚೆ ದಡದಲ್ಲಿ. ನಡುವೆ ಬಂದಾಗ ಅತ್ತೆಯ ಕಾಲಡಿಯ ಕಲ್ಲು ಉರುಳಿತು. ಅವರು ಕೂಗಲಿಲ್ಲ. ಮನೆಯಲ್ಲಿ ಚಾಪೆಯ ಮೇಲೆ ಕೂರುವಂತೆ ನೀರಿನಲ್ಲಿ ಕುಳಿತರು. ಮರುಕ್ಷಣ ಗೈಡಿನ ಕೈಯಲ್ಲಿ ಅತ್ತೆಯ ಉಣ್ಣೆಯ ಗ್ಲೌಸ್ ಮಾತ್ರ ಇತ್ತು. ಕೈ ಜಾರಿ ಹೊರಬಂದಿತ್ತು.

ಎರಡು ಮಾರು ದೂರ ಹೋದರು, ಅಷ್ಟೆ. ಅಲ್ಲಿ ಒಂದು ಬಂಡೆಗೆ ಅವರ ಬ್ಯಾಗು ಸಿಕ್ಕಿಕೊಂಡಿತು. ಗೈಡ್ ಹಾರಿ ಬ್ಯಾಗಿನ ಪಟ್ಟಿ ಹಿಡಿದ. ಎಷ್ಟು ಹೊತ್ತು? ಐದು ಸೆಕೆಂಡು ಇರಬಹುದು. ಆ ಐದು ಸೆಕೆಂಡಿನಲ್ಲಿ ನಾನು ಏನು ಮಾಡಿದೆ ಎಂದು ಈಗಲೂ ದಿನಕ್ಕೆ ಎರಡು ಮೂರು ಸಲ ನೋಡಿಕೊಳ್ಳುತ್ತೇನೆ, ಬಸ್ಸಿನಲ್ಲಿ, ಬಟ್ಟೆ ಒಣಹಾಕುವಾಗ. ನಾನು ಡಬ್ಬಿ ನೋಡುತ್ತಿದ್ದೆ. ಬ್ಯಾಗಿನ ಪಕ್ಕದ ಜೇಬಿನಿಂದ ಖಾಲಿ ಸ್ಟೀಲ್ ಡಬ್ಬಿ ಎದ್ದು ಬಂದು, ಬಿಸಿಲಿಗೆ ಹೊಳೆಯುತ್ತ, ಗಿರಗಿರ ತಿರುಗುತ್ತ ನನ್ನ ಮುಂದೆಯೇ ಹೋಯಿತು. ಅತ್ತೆ ಮುಳುಗುತ್ತಿರುವಾಗ ನನ್ನ ಕಣ್ಣು ಡಬ್ಬಿಯ ಹಿಂದೆ ಹೋಯಿತು. ಯಾಕೆ ಎಂದು ಗೊತ್ತಿಲ್ಲ. ಕೈ ಚಾಚಿದ್ದರೆ ಅತ್ತೆ ಸಿಗುತ್ತಿರಲಿಲ್ಲ, ಅದು ನಿಜ. ಆದರೂ ನಾನು ಕೈ ಚಾಚಲಿಲ್ಲ.

ಊರಿಗೆ ಬಂದ ಮೇಲೆ ಈ ವಿಷಯ ಅಮ್ಮನಿಗೆ ಹೇಳಬಾರದೆಂದು ಮೂವರೂ ಒಪ್ಪಿಕೊಂಡೆವು. ಅಮ್ಮ ಕ್ಯಾಲೆಂಡರಿಗೆ ಕೈ ಮುಗಿದಳು. “ನೋಡ್ದ್ಯಾ, ನನ್ನ ಮಾತು ಕೇಳಿದ್ದಕ್ಕೆ ಸುಖವಾಗಿ ಬಂದ್ರಿ.”

ಆ ಭಾನುವಾರ ಮಾವನ ಮನೆಯಿಂದ ಹಿಂದಿರುಗಿದಾಗಿನಿಂದ ಒಂದೇ ಪ್ರಶ್ನೆ ನನ್ನನ್ನು ಕಾಡತೊಡಗಿತು. ಭಯಕ್ಕಿಂತ ಹೆಚ್ಚಾಗಿ ಅದು ಕುತೂಹಲ. ಮಳೆಯಿಲ್ಲದೆ ಹಳ್ಳ ತುಂಬಿದ್ದು ಹೇಗೆ? ಬಿಸಿಲಿಗೆ ಹಿಮ ಕರಗುತ್ತದೆ, ಸರಿ. ಹಾಗಾದರೆ ನೀರು ಹೆಚ್ಚಾಗಬೇಕಾದ್ದು ಸೂರ್ಯ ನೆತ್ತಿಯ ಮೇಲಿರುವಾಗ, ಹನ್ನೆರಡಕ್ಕೆ. ನಾಲ್ಕಕ್ಕೆ ಯಾಕೆ? ನಾನು ಹೊಟ್ಟೆನೋವಿನ ನಾಟಕ ಆಡದೆ ಇದ್ದಿದ್ದರೆ ನಾವು ಎರಡೂವರೆಗೆ ಆ ದಡದಲ್ಲಿರುತ್ತಿದ್ದೆವು. ಎರಡೂವರೆಗೆ ನೀರು ಎಷ್ಟಿರುತ್ತಿತ್ತು? ನಿಜವಾಗಿ ನನ್ನ ಒಂದೂವರೆ ಗಂಟೆಯೇ ಕಾರಣವೋ, ಅಥವಾ ಹೇಗಿದ್ದರೂ ಹಾಗೇ ಆಗುತ್ತಿತ್ತೋ?

ಉತ್ತರದ ಒಂದು ತುದಿ ನಮ್ಮ ಮನೆಯ ಸಂಪಿನಲ್ಲಿ ಸಿಕ್ಕಿತು. ನಮ್ಮ ರಸ್ತೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ವಾಲ್ವ್‌ಮನ್ ರಸ್ತೆಯ ತಲೆಯಲ್ಲಿ ಕಬ್ಬಿಣದ ಕೀಲಿ ತಿರುಗಿಸಿ ಹೋಗಿ, ಅಂಗಡಿಯಲ್ಲಿ ಟೀ ಕುಡಿದು, ಬೈಕ್ ಹತ್ತಿ ಹೊರಟುಹೋದ ಮೇಲೆ ಕಾಲು ಗಂಟೆಗೆ ನಮ್ಮ ಸಂಪಿಗೆ ಸಣ್ಣಗೆ ನೀರು ಬೀಳುತ್ತದೆ. ಜೋರಾಗಿ ಬೀಳುವುದು ಇನ್ನೂ ತಡವಾಗಿ. ಅವನು ವಾಲ್ವ್ ಮುಚ್ಚಿದ ಮೇಲೂ ಕೊಂಚ ಹೊತ್ತು ಬರುತ್ತಲೇ ಇರುತ್ತದೆ. ಹಾಗೆಯೇ ಬೆಟ್ಟದ ಮೇಲೆ ಹನ್ನೆರಡರ ಬಿಸಿಲು ಕರಗಿಸಿದ ನೀರು ಹಿಮದೊಳಗೆ ಇಂಗಿ, ಕಲ್ಲುಸಂದಿಗಳಲ್ಲಿ ಇಳಿದು, ನೂರಾರು ಸಣ್ಣ ತೊರೆಗಳಾಗಿ ಸೇರಿ ಹಳ್ಳಕ್ಕೆ ಬರುವಷ್ಟರಲ್ಲಿ ನಾಲ್ಕು ಗಂಟೆ. ಸಂಪಿನ ಮುಚ್ಚಳ ತೆಗೆದು ಬಗ್ಗಿ ಕುಳಿತಿದ್ದ ನನ್ನನ್ನು ನೋಡಿ ಅಮ್ಮ, “ಏನಾದ್ರೂ ಬಿತ್ತೇನೇ?” ಎಂದಳು.

ಅದರ ಮುಂದಿನ ಶನಿವಾರ ಬನಶಂಕರಿಯ ಜ್ಯೂಸ್ ಅಂಗಡಿಯಿಂದ ಒಂದು ದೊಡ್ಡ ಐಸ್ ಗಡ್ಡೆ ತಂದೆ. ಟೆರೇಸಿನಲ್ಲಿ ಮನೆ ಕಟ್ಟುವಾಗ ಉಳಿದಿದ್ದ ಜಲ್ಲಿ ಇತ್ತು. ಅದನ್ನು ಹಳೆಯ ತಗಡಿನ ಮೇಲೆ ಇಳಿಜಾರಾಗಿ ಹರಡಿ, ಮೇಲಿನ ತುದಿಯಲ್ಲಿ ಐಸ್ ಇಟ್ಟು, ಕೆಳಗೆ ಪಾತ್ರೆ ಇಟ್ಟೆ. ಪಾತ್ರೆಗೆ ಪೆನ್ನಿನಿಂದ ಗುರುತು ಹಾಕುತ್ತ ಕುಳಿತೆ.

“ಸರ್ಬತ್ ಅಂಗಡಿ ಇಡ್ತಿದ್ದೀಯಾ?” ಎಂದಳು ಅಮ್ಮ, ಹಪ್ಪಳ ತಿರುವಿ ಹಾಕುತ್ತ.

“ಹಿಮಾಲಯ ಮಾಡ್ತಿದ್ದೀನಿ.”

“ಮಾಡು ಮಾಡು. ಹಪ್ಪಳದ ಮೇಲೆ ಹರಿಸ್ಬೇಡ.”

ಐಸ್ ಬೆವರತೊಡಗಿದ ಮೇಲೂ ಎಷ್ಟೋ ಹೊತ್ತಿನವರೆಗೆ ಪಾತ್ರೆ ಒಣಗಿಯೇ ಇತ್ತು. ಆಮೇಲೆ ಹನಿ, ಆಮೇಲೆ ಎಳೆ. ಐಸ್ ಮುಕ್ಕಾಲು ಕರಗಿದ ಮೇಲೆ ಎಳೆ ದಪ್ಪವಾಯಿತು. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು. ಆದರೆ ಆ ಎಳೆ ದಪ್ಪವಾಗುತ್ತಿದ್ದಂತೆ ಕೂತಿರಲಾಗಲಿಲ್ಲ. ಎದ್ದು ಗೈಡಿಗೆ ಫೋನ್ ಮಾಡಿದೆ. ನನ್ನ ಹರಕು ಹಿಂದಿಯಲ್ಲಿ ನೇರವಾಗಿ ಕೇಳಿದೆ, ಯಾವ ಗಂಟೆಗೆ ಎಷ್ಟು ನೀರು?

ಅವನಿಗೆ ಅದು ಬಸ್ಸಿನ ವೇಳೆಯಷ್ಟು ಸಲೀಸು. ಎರಡೂವರೆಗೆ ಮೊಣಕಾಲು, ಕೈ ಹಿಡಿದರೆ ಯಾರೂ ದಾಟಬಹುದು. ನಾಲ್ಕಕ್ಕೆ ತೊಡೆ. ಸಂಜೆ ಆರಕ್ಕೆ ಗೈಡುಗಳಾದ ನಾವೂ ಇಳಿಯುವುದಿಲ್ಲ. “ಅದಕ್ಕೇ ಅವತ್ತು ಬೇಗ ಹೊರಡಿ ಅಂದಿದ್ದೆ. ನಿಮ್ಮ ಹೊಟ್ಟೆ ಕೆಟ್ಟಿತು, ಪಾಪ, ಯಾರೇನು ಮಾಡೋಕಾಗುತ್ತೆ,” ಎಂದ. ಮತ್ತೆ, “ಅಮ್ಮಾಜಿ ಹೇಗಿದ್ದಾರೆ? ಅವರದೊಂದು ಗ್ಲೌಸ್ ನನ್ನ ಹತ್ತಿರವೇ ಉಳಿದಿದೆ. ಒಗೆದು ಇಟ್ಟಿದ್ದೇನೆ,” ಎಂದ.

ಫೋನ್ ಇಟ್ಟೆ. ಮೊಣಕಾಲು. ಹಾಗಾದರೆ ನನ್ನ ಒಂದೂವರೆ ಗಂಟೆಯೇ.

ಮರುದಿನ ಭಾನುವಾರ ಜಯನಗರಕ್ಕೆ ಹೋದೆ. ಮೆಟ್ಟಿಲಿನಲ್ಲಿ ಮಾವ ಬೆನ್ನಿಗೆ ಐದು ಕೆಜಿ ಅಕ್ಕಿ ಹೊತ್ತುಕೊಂಡು ಅಭ್ಯಾಸಕ್ಕೆಂದು ಹತ್ತಿ ಇಳಿಯುತ್ತಿದ್ದರು. ಪಕ್ಕದ ಮನೆಯವರು ಗೇಟಿನಿಂದ, “ಏನ್ ಸಾರ್, ದಿನಾ ರೇಷನ್ ತರ್ತೀರಾ?” ಎಂದು ಕೇಳುತ್ತಿದ್ದರು. ಮೇಜಿನ ಮೇಲೆ ಉದ್ಯಾನದ ಅನುಮತಿ ಪತ್ರದ ಪ್ರತಿ ಇತ್ತು. ಕೊನೆಯ ಕ್ಯಾಂಪಿನಿಂದ ಮೇಲಕ್ಕೆ ಹೋಗುವವರ ಹೆಸರು ಬರೆಯುವ ಜಾಗದಲ್ಲಿ ಎರಡು ಹೆಸರು, ಮಾವನದು, ನನ್ನದು. ಅತ್ತೆ ಅದರ ಪಕ್ಕ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು.

ಮಾವ ಬೆವರು ಒರೆಸಿಕೊಂಡು ಬಂದು ಕುಳಿತರು. “ನಾಳೆ ಕಳಿಸಿಬಿಡ್ತೀನಿ ಇದನ್ನ. ನೋಡ್ಕೋ, ನಿನ್ನ ಸ್ಪೆಲ್ಲಿಂಗ್ ಸರಿ ಇದ್ಯಾ.”

“ಮಾವ, ಅವತ್ತು ನಂಗೆ ಹೊಟ್ಟೆ ಕೆಟ್ಟಿರ್ಲಿಲ್ಲ.”

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಅಮ್ಮ ಕಳಿಸಿದ ಫೋಟೋ, ರಾಹುಕಾಲ, ಏಳು ಮೂವತ್ತೆರಡು, ಜೀರಿಗೆ ನೀರು, ಎರಡೂವರೆಯ ಮೊಣಕಾಲು, ಎಲ್ಲ. ಹೇಳುವಾಗ ಮೇಜಿನ ಮೇಲಿದ್ದ ಅವರೆಕಾಳಿನ ಬಟ್ಟಲನ್ನೇ ನೋಡುತ್ತಿದ್ದೆ. ಅತ್ತೆಯ ಕೈ ನಿಂತಿತ್ತು.

ಮೊದಲು ಮಾತಾಡಿದ್ದು ಅವರೇ. “ಗೊಜ್ಜು ಚೆನ್ನಾಗೇ ಇತ್ತಾ?”

“ತುಂಬಾ ಚೆನ್ನಾಗಿತ್ತು ಅತ್ತೆ.”

“ಬಾಟ್ಲೀಲಿ ಮಿಕ್ಕಿದ್ದನ್ನೆಲ್ಲ ಬಂದ ತಕ್ಷಣ ಚೆಲ್ಲಿಬಿಟ್ಟೆ ಕಣೇ. ಒಂಬತ್ತು ತಿಂಗಳಿಂದ ಇವರು ಸಿಕ್ಕಸಿಕ್ಕವರ ಮುಂದೆ ಆಡ್ಕೋತಾರೆ, ನೀನು ಪಕ್ಕದಲ್ಲೇ ಕೂತು ಕೇಳ್ತೀಯ. ಒಂದು ದಿನ ಆದ್ರೂ ಬಾಯಿ ಬಿಡ್ಬಾರ್ದಾ?” ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಒಂದು ಕಾಯಿ ತೆಗೆದು ಬಿಡಿಸಿ, ಕಾಳನ್ನು ಬಟ್ಟಲಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದರು.

ಮಾವ ನಗುತ್ತಾರೆ ಎಂದುಕೊಂಡಿದ್ದೆ. ಪಂಚಾಂಗವೆಂದರೆ ಸಾಕು, ಅಕ್ಕನನ್ನು ಆಡಿಕೊಳ್ಳುವವರು. ನಗಲಿಲ್ಲ. ಗಲ್ಲ ಸವರಿಕೊಂಡರು. ಅವತ್ತು ಅಷ್ಟು ಹೊತ್ತು ಶೇವ್ ಮಾಡಿಕೊಂಡಿದ್ದು ಅವರಿಗೂ ನೆನಪಾಗಿರಬೇಕು. ಒಂದು ಕರೆಯೋಲೆ ಎಳೆದುಕೊಂಡು, “ಯಾವ ಊರಿನ ರಾಹುಕಾಲ ನೋಡ್ದೆ ನೀನು?” ಎಂದರು.

“ನಮ್ಮನೆ ಕ್ಯಾಲೆಂಡರ್ ಮಾವ.”

“ಅದು ಆರಕ್ಕೆ ಸೂರ್ಯ ಹುಟ್ಟಿ ಆರಕ್ಕೆ ಮುಳುಗ್ತಾನೆ ಅಂತ ಹಾಕಿರೋ ಲೆಕ್ಕ. ಹಗಲನ್ನ ಎಂಟು ಪಾಲು ಮಾಡೋದು, ಸೋಮವಾರಕ್ಕೆ ಎರಡನೇ ಪಾಲು. ಅಲ್ಲಿ ಜೂನಲ್ಲಿ ಸೂರ್ಯ ಹುಟ್ಟೋದು ಐದೂ ಇಪ್ಪತ್ತಕ್ಕೆ, ಮುಳುಗೋದು ಏಳೂ ಇಪ್ಪತ್ತಕ್ಕೆ. ಹದಿನಾಲ್ಕು ಗಂಟೆ. ಒಂದು ಪಾಲು ಅಂದ್ರೆ ಒಂದೂಮುಕ್ಕಾಲು ಗಂಟೆ.” ಪೆನ್ಸಿಲ್ ಓಡಿತು. “ಏಳೂ ಐದರಿಂದ ಎಂಟೂ ಐವತ್ತು. ಅಂದ್ರೆ ರಾಹು ಹೋದ್ಮೇಲೂ ಹತ್ತು ನಿಮಿಷ ಜಾಸ್ತಿ ಮಲಗಿದ್ದೆ ನೀನು!”

ಆಡಿಕೊಳ್ಳುವ ಇವರಿಗೆ ರಾಹುಕಾಲದ ಲೆಕ್ಕ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಎಂದು ನನಗೆ ಆಶ್ಚರ್ಯವಾಯಿತು. ಅತ್ತೆ ನನ್ನ ಮುಖ ನೋಡಿದರು. “ಇವರು ಈ ಮನೆ ಅಗ್ರಿಮೆಂಟಿಗೆ ಸೈನ್ ಹಾಕಿದ ದಿನ ಕೇಳು, ಯಾಕೆ ಹನ್ನೊಂದು ಗಂಟೆವರೆಗೆ ಪೆನ್ನು ಸಿಗಲಿಲ್ಲ ಅಂತ,” ಎಂದರು. ಮಾವ ಕೇಳಿಸಿಕೊಳ್ಳದವರಂತೆ ಲೆಕ್ಕದ ಕೆಳಗೆ ಗೆರೆ ಎಳೆದರು.

ಆಮೇಲೆ ಅತ್ತೆ ಕೈ ಒರೆಸಿಕೊಂಡು ಮಾವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡರು. ನಕಾಶೆಯ ಮೇಲೆ ಕ್ಯಾಂಪಿನ ಪಕ್ಕ ಮಾವ ಎಂಟು ಗಂಟೆ ಎಂದು ಬರೆದಿದ್ದನ್ನು ಹೊಡೆದು, ಐದು ಎಂದು ಬರೆದರು. “ಬೆಂಗಳೂರಿನ ರಾಹೂನೂ ಬೇಡ, ಹಿಮಾಲಯದ ರಾಹೂನೂ ಬೇಡ. ಆ ರಾಹು ಇನ್ನೂ ಮಲಗಿರ್ವಾಗ್ಲೇ ಹೊರಟ್ಬಿಡೋಣ. ಶೇವಿಂಗು ಹಿಂದಿನ ದಿನ ಸಾಯಂಕಾಲ.” ಅನುಮತಿ ಪತ್ರ ಎಳೆದುಕೊಂಡು ಮೂರನೆಯ ಸಾಲಿನಲ್ಲಿ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಬರೆದರು. ಮಾವ ಬೇಡವೆನ್ನಲಿಲ್ಲ.

ಪೆನ್ಸಿಲಿನ ತುದಿ ನನ್ನ ಹೆಸರಿನ ಮೇಲೆ ಬಂದು ನಿಂತಿತು.

“ನಿನ್ನದು ಇರ್ಲಾ, ಹೊಡೀಲಾ? ಹೆದರ್ಕೋತಿದ್ದೀಯ ಅಂತ ನಂಗೆ ಗೊತ್ತು. ಮನೇಲಿ ನಲ್ಲಿ ಜೋರಾಗಿ ಬಿಟ್ರೆ ನೀನು ಎದ್ದು ಹೋಗ್ತೀಯ. ನೋಡಿದ್ದೀನಿ.”

ಡಬ್ಬಿ ಮತ್ತೊಮ್ಮೆ ಕಣ್ಣ ಮುಂದೆ ತಿರುಗಿಕೊಂಡು ಹೋಯಿತು. ಆದರೆ ಹಿಂದಿನ ದಿನ ಫೋನ್ ಇಡುವ ಮುಂಚೆ ಗೈಡನ್ನು ಇನ್ನೊಂದು ಪ್ರಶ್ನೆ ಕೇಳಿದ್ದೆ. ಬೆಳಗಿನ ಆರು ಗಂಟೆಗೆ ಆ ಹಳ್ಳ ಹೇಗಿರುತ್ತದೆ? ರಾತ್ರಿಯೆಲ್ಲ ಮೇಲೆ ಎಲ್ಲ ಹೆಪ್ಪುಗಟ್ಟಿರುತ್ತದೆ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು, ಶೂ ಕೂಡ ಒದ್ದೆಯಾಗುವುದಿಲ್ಲ ಎಂದಿದ್ದ. ಅದು ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಅತ್ತೆಯನ್ನು ಎಳೆದುಕೊಂಡು ಹೋದ ಅದೇ ನೀರು, ಅಷ್ಟು ಸಣ್ಣಗೆ, ಸದ್ದಿಲ್ಲದೆ.

“ಇರ್ಲಿ ಅತ್ತೆ,” ಎಂದೆ. “ಬೆಳಿಗ್ಗೆ ಅದು ಎಷ್ಟಿರುತ್ತೆ ಅಂತ ನೋಡ್ಬೇಕು.”

“ಹಾಗಾದ್ರೆ ನನ್ನ ಹಿಂದೇನೇ ಬಾ. ಬ್ಯಾಗಿನ ಪಟ್ಟಿ ಹಿಡ್ಕೊಂಡು,” ಎಂದರು ಅತ್ತೆ. ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ ಹುಣಸೆಹಣ್ಣು ಕುದಿಯುವ ವಾಸನೆ ಬಂತು.